ಸಾರಥಿಯಿಲ್ಲದ ರಥದ ನುಡಿ



ಸ್ವೀಡನ್ ದೇಶದ ಒಂದು ಸರೋವರತೀರದಲ್ಲಿ ಸ್ಯಾಂಡ್‌ವಿಕೆನ್ ಎಂಬ ಉಕ್ಕಿನ ಪಟ್ಟಣವಿದೆ. ಕರಗಿದ ಕಬ್ಬಿಣದೊಳಕ್ಕೆ ಗಾಳಿಯನ್ನೂದಿ ಉಕ್ಕನ್ನು ಮಾಡುವ ಬೆಸ್ಸೆಮರನ ವಿಧಾನವನ್ನು 1858ರ ಜುಲೈ 18ರಂದು, ಅಲ್ಲಿಗೆ ಸಮೀಪದ ಎಡ್ಸ್‌ಕೆನ್ ಎಂಬಲ್ಲಿ ಸಫಲಗೊಳಿಸಿದ ಯೋರಾನ್ ಫ್ರೆಡ್ರಿಕ್ ಯೋರಾನ್ಸನ್, 1862ರಲ್ಲಿ ಸ್ಯಾಂಡ್‌ವಿಕೆನ್ನಿನ ಉದ್ಯಮಕ್ಕೆ ಅಡಿಗಲ್ಲನ್ನಿಟ್ಟನು. ಅವನ ಕಾರ್ಖಾನೆಯಿಂದ ಬೆಳೆದ ಸ್ಯಾಂಡ್‌ವಿಕ್ ಸಂಸ್ಥೆ, ಫಿನ್ಲೆಂಡಿನ ತಾಂಪೆರೆ, ತುರ್ಕುಗಳಲ್ಲಿರುವ ತನ್ನ ಶಾಖೆಗಳ ಮೂಲಕ, ಭೂಗರ್ಭದ ಗಣಿಗಳಲ್ಲಿ ಚಾಲಕನಿಲ್ಲದೆ ಅದಿರನ್ನು ಹೊತ್ತು ತಿರುಗುವ ಯಂತ್ರಗಳನ್ನು ಇಪ್ಪತ್ತು ವರ್ಷಗಳಿಗೂ ಹಿಂದಿನಿಂದಲೇ ಕೆಲಸಕ್ಕೆ ಹಚ್ಚಿರುವುದು ಇಂದಿನ ನನ್ನ ವಿಷಯಕ್ಕೆ ಪೀಠಿಕೆ.

‘ಆಟೋಮೈನ್’ ಎಂಬ ಆ ವ್ಯವಸ್ಥೆಯಲ್ಲಿ ಮನುಷ್ಯನು ನೆಲದ ಮೇಲಣ ಕೊಠಡಿಯೊಂದರಲ್ಲಿ ಕುಳಿತು ಹಲವು ಯಂತ್ರಗಳ ಮೇಲೆ ಏಕಕಾಲದಲ್ಲಿ ಕಣ್ಣಿಟ್ಟಿರುತ್ತಾನೆ. ಯಂತ್ರಗಳು ಸಂಚರಿಸುವ ಸುರಂಗದ ಬಾಗಿಲಿಗೆ ಬೆಳಕಿನ ತೆರೆಯೊಂದನ್ನು ಕಟ್ಟಿರುತ್ತಾರೆ. ಯಾರಾದರೂ ಅದನ್ನು ದಾಟಿದೊಡನೆ ಒಳಗಿನ ಯಂತ್ರ ನಿಂತುಬಿಡುತ್ತದೆ. ಮನುಷ್ಯನೂ ಯಂತ್ರವೂ ಎಂದಿಗೂ ಎದುರಾಗದಂತೆ ನಡುವೆ ಬೇಲಿ ಹಾಕಿದ ಮೇಲೆ ಅವರಿಬ್ಬರ ನಡುವೆ ಮಾತಿನ ಅಗತ್ಯವೇ ಉಳಿಯುವುದಿಲ್ಲ. ಗಣಿಗೆ ಇದು ಯೋಗ್ಯವಾದ ಪರಿಹಾರ. ಆದರೆ ಅದೇ ಬಗೆಯ ಯಂತ್ರ ಊರಿನ ಬೀದಿಗೆ ಬಂದಾಗ ಬೇಲಿಯನ್ನು ಹಾಕುವುದೆಲ್ಲಿ?

ಬೆಂಗಳೂರಿನ ಗಾಂಧಿಬಜಾರಿನಲ್ಲಿ ಸಂಜೆಯ ಹೊತ್ತು, ಒಂದು ಕೈಯಲ್ಲಿ ಸೊಪ್ಪಿನ ಚೀಲವನ್ನು ಹಿಡಿದ ವೃದ್ಧೆಯೊಬ್ಬರು ರಸ್ತೆಯಂಚಿನಲ್ಲಿ ನಿಂತು, ಬರುತ್ತಿರುವ ಆಟೋದವನ ಮುಖವನ್ನು ದಿಟ್ಟಿಸಿ, ಇನ್ನೊಂದು ಕೈಯ ಅಂಗೈಯನ್ನು ಎದೆಯ ಎತ್ತರಕ್ಕೆ ತಂದು, ಒಂದು ಹೆಜ್ಜೆಯನ್ನು ಮುಂದಿಡುವುದನ್ನು ತಾವೆಲ್ಲ ಕಂಡಿರುತ್ತೀರಿ. ಆಟೋದವನು ತಲೆಯನ್ನು ಕೊಂಚವೇ ಆಡಿಸುತ್ತಾನೆ, ಆಕೆ ದಾಟುತ್ತಾರೆ. ಯಾವ ಶಾಲೆಯೂ ಕಲಿಸದ ಈ ಸಂಭಾಷಣೆ ಮುಗಿಯಲು ಎರಡು ಕ್ಷಣ ಸಾಕು. ಅದರಲ್ಲಿ ಪ್ರಾರ್ಥನೆಯಿದೆ, ಸಮ್ಮತಿಯಿದೆ, ಸಮ್ಮತಿ ತಲಪಿತೆಂಬ ಅರಿವೂ ಇದೆ. ಆದರೆ ಸ್ವೀಡನ್ನಿನ ಯೆನ್‌ಶೋಪಿಂಗ್ ನಗರದಲ್ಲಿ 2019ರ ಮೇ ತಿಂಗಳಿನಲ್ಲಿ ಸಾರ್ವಜನಿಕ ರಸ್ತೆಗಿಳಿದ ಐನ್‌ರೈಡ್ ಕಂಪನಿಯ ಸರಕು ವಾಹನಕ್ಕೆ ಚಾಲಕನ ಕೋಣೆಯೇ ಇರಲಿಲ್ಲ. ದಿಟ್ಟಿಸುವುದಕ್ಕೆ ಮುಖವೇ ಇಲ್ಲದಿರುವಾಗ ಆ ವೃದ್ಧೆಯ ಅಂಗೈಗೆ ಉತ್ತರ ಕೊಡಬೇಕಾದವರಾರು?

ಆ ದೇಶದ ತಂತ್ರಜ್ಞರು ಈ ಪ್ರಶ್ನೆಯನ್ನು ಉಪೇಕ್ಷಿಸಲಿಲ್ಲವೆಂಬುದನ್ನು ಗೌರವದಿಂದ ಹೇಳಬೇಕು. 2016ರಲ್ಲಿ ಸೆಮ್‌ಕಾನ್ ಎಂಬ ಸಂಸ್ಥೆ, ಪಾದಚಾರಿಯನ್ನು ಕಂಡಾಗ ಮುಂಭಾಗದಲ್ಲಿ ನಗುವಿನ ರೇಖೆಯನ್ನು ಬೆಳಗಿಸುವ ಕಾರನ್ನು ಕಲ್ಪಿಸಿತು. ಸ್ನೇಹಮಯವಾದ ಕಲ್ಪನೆಯಾದರೂ ನನಗದು ಒಪ್ಪಿಗೆಯಾಗದು. ಇಬ್ಬರು ಅಕ್ಕಪಕ್ಕದಲ್ಲಿ ನಿಂತಿದ್ದರೆ ಆ ನಗೆ ಯಾರಿಗೆಂದು ತಿಳಿಯುವ ಬಗೆಯಿಲ್ಲ, ಹಿಂದಿನಿಂದ ಮತ್ತೊಂದು ವಾಹನ ನುಗ್ಗಿ ಬಂದರೆ ಆ ನಗೆ ಅಪಾಯಕ್ಕೆ ಕೊಟ್ಟ ಆಹ್ವಾನವೇ ಆದೀತು. ಗೋಥೆನ್‌ಬರ್ಗಿನ ಸಂಶೋಧಕರು ಹಿಡಿದ ಮಾರ್ಗವು ಇದಕ್ಕಿಂತ ವಿವೇಕದ್ದು. ಮುಂಗಾಜಿನ ಮೇಲ್ಭಾಗದಲ್ಲಿ ದೀಪದ ಪಟ್ಟಿಯೊಂದನ್ನಿಟ್ಟು, ತಾನೇ ನಡೆಯುತ್ತಿದ್ದೇನೆ, ದಾರಿ ಬಿಡಲಿದ್ದೇನೆ, ನಿಂತಿದ್ದೇನೆ, ಹೊರಡಲಿದ್ದೇನೆ ಎಂಬ ನಾಲ್ಕು ಮಾತುಗಳನ್ನಷ್ಟೇ ಅವರು ವಾಹನಕ್ಕೆ ಕಲಿಸಿದರು. ತನ್ನ ಸ್ಥಿತಿಯನ್ನು ತಿಳಿಸುವುದು ಯಂತ್ರದ ಧರ್ಮ. ‘ನೀನು ದಾಟು’ ಎಂದು ಮನುಷ್ಯನಿಗೆ ಅಪ್ಪಣೆ ಕೊಡುವ ಅಧಿಕಾರ ಅದಕ್ಕಿಲ್ಲ.

ಮುಖವನ್ನು ಕಾಣದೆ ಸಂಕೇತದಿಂದಲೇ ಮಾತಾಡುವ ಈ ವಿದ್ಯೆ ನಮ್ಮ ನಾಡಿಗೂ ಹೊಸತಲ್ಲ. 2001ರಲ್ಲಿ ಮುಚ್ಚಿಹೋದ ಕೋಲಾರ ಚಿನ್ನದ ಗಣಿಯಲ್ಲಿ, ಮೂರು ಕಿಲೋಮೀಟರಿಗೂ ಮಿಗಿಲಾದ ಆಳದವರೆಗೆ ಇಳಿಯಬೇಕಾಗಿದ್ದ ಕಾರ್ಮಿಕರಿಗೂ, ಅವರನ್ನು ಕೇಜಿನಲ್ಲಿ ಇಳಿಸಿ ಏರಿಸುತ್ತಿದ್ದ ಎಂಜಿನ್ ಚಾಲಕನಿಗೂ ಪರಸ್ಪರ ಮುಖದರ್ಶನವೇ ಇರುತ್ತಿರಲಿಲ್ಲ. ಆ ಕಾರ್ಮಿಕರ ಪ್ರಾಣಗಳನ್ನು ಕಾದದ್ದು ಗಂಟೆಯ ಸಂಕೇತ. ಮನುಷ್ಯರು ಏರಲಿದ್ದಾರೆಂಬುದಕ್ಕೆ ಮೂರು ಪೆಟ್ಟು. ಚಲಿಸುತ್ತಿರುವ ಕೇಜು ನಿಲ್ಲಬೇಕೆಂದರೆ ಒಂದೇ ಪೆಟ್ಟು. ಅತ್ಯಂತ ತುರ್ತಿನ ಮಾತಿಗೆ ಅತ್ಯಂತ ಹ್ರಸ್ವವಾದ ಸಂಜ್ಞೆಯನ್ನು ಮೀಸಲಿಟ್ಟ ಆ ಪ್ರಜ್ಞೆಯ ಮುಂದೆ ನಾನು ತಲೆಬಾಗುತ್ತೇನೆ. ಅದು ಕಿವಿಗೆ ಹೇಳಿದ ಮಾತು ಎಂಬುದನ್ನೂ ಮರೆಯಬಾರದು. ದೀಪದ ಪಟ್ಟಿ ಎಷ್ಟೇ ಉಜ್ಜ್ವಲವಾಗಿರಲಿ, ದೃಷ್ಟಿಹೀನನಿಗೆ ಅದು ಇದ್ದೂ ಇಲ್ಲದಂತೆ. ವಿದ್ಯುತ್ ವಾಹನಗಳ ನಿಶ್ಶಬ್ದತೆಯೇ ಅಪಾಯವೆಂದರಿತು ಯೂರೋಪಿನ ಒಕ್ಕೂಟವು 2019ರ ಜುಲೈಯಿಂದ ಹೊಸ ಮಾದರಿಗಳಿಗೂ, 2021ರ ಜುಲೈಯಿಂದ ಎಲ್ಲ ಹೊಸ ವಿದ್ಯುತ್ ಕಾರುಗಳಿಗೂ, ಗಂಟೆಗೆ 20 ಕಿಲೋಮೀಟರಿನವರೆಗಿನ ವೇಗದಲ್ಲಿ ಸದ್ದು ಹೊರಡಿಸುವ ಸಾಧನವನ್ನು ಕಡ್ಡಾಯಗೊಳಿಸಿತು.

ಈ ಸಭೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅನೇಕರಿದ್ದೀರಿ. ನಾಳೆ ನಮ್ಮ ಬೀದಿಗಳಿಗೆ ಇಂಥ ವಾಹನಗಳನ್ನು ತರುವವರು ನೀವು. ನಿಮ್ಮಲ್ಲಿ ನನ್ನದೊಂದು ಬಿನ್ನಹವಿದೆ: ದೀಪದ ಬಣ್ಣವನ್ನು ನಿಶ್ಚಯಿಸುವ ಮೊದಲು ಒಂದು ಸಂಜೆ ಗಾಂಧಿಬಜಾರಿನ ಅಂಚಿನಲ್ಲಿ ನಿಂತು ಆ ಅಂಗೈಗಳನ್ನು ನೋಡಿ, ಮರುದಿನ ಅಂಧರ ಶಾಲೆಯೊಂದಕ್ಕೆ ಹೋಗಿ, ರಸ್ತೆಯನ್ನು ದಾಟುವಾಗ ನಿಮಗೆ ಯಾವ ಸದ್ದು ಬೇಕೆಂದು ಅಲ್ಲಿನ ಮಕ್ಕಳನ್ನೇ ಕೇಳಿ ಬನ್ನಿ.