ಹೊಸ ಹುಲ್ಲುಹಾಸಿಗೆ ನೀರು

ಶಾಲೆಯ ಆಟದ ಬಯಲಿನಂಥ ಒಂದು ಎಕರೆ ನೆಲದಲ್ಲಿ ಗರಿಕೆಯ ಗೆಣ್ಣುಗಳನ್ನು ಹೊಸದಾಗಿ ನಾಟಿ ಮಾಡಿ 5 ಮಿಲಿಮೀಟರಿನಷ್ಟು ನೀರುಣಿಸಲು ಸುಮಾರು 20,000 ಲೀಟರ್ ಬೇಕಾಗುತ್ತದೆ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ನೀರೆಂದರೆ 1 ಲೀಟರ್ ಎಂಬುದೇ ಇದರ ಲೆಕ್ಕ. ಸಣ್ಣ ಟ್ರ್ಯಾಕ್ಟರಿಗೆ 2,000 ಲೀಟರಿನ ಟ್ಯಾಂಕರ್ ಕಟ್ಟಿದರೆ ಹತ್ತು ಸಲ ತುಂಬಿ ತರಬೇಕಾಗುತ್ತದೆ, ಪ್ರತಿ ಸಲವೂ ನೀರಿನ ತೂಕವೇ 2 ಟನ್ ಆಗಿರುತ್ತದೆ. ಅಷ್ಟು ಭಾರ ಹೊತ್ತ ಚಕ್ರಗಳು ಹಸಿ ಮಣ್ಣಿನ ಮೇಲೆ ಹಾಯ್ದರೆ ಮಣ್ಣಿನ ಕಣಗಳ ನಡುವಿನ ಸಂದುಗಳು ಮುಚ್ಚಿಹೋಗಿ, ನೀರೂ ಗಾಳಿಯೂ ಇಳಿಯದೆ, ಚಕ್ರದ ಜಾಡಿನಲ್ಲಿ ಹುಲ್ಲು ಸೊರಗುತ್ತದೆ. ಆದ್ದರಿಂದ ಟ್ಯಾಂಕರನ್ನು ಅಂಚಿನ ಗಟ್ಟಿ ನೆಲದಲ್ಲೇ ನಿಲ್ಲಿಸಿ, ಪಿ.ಟಿ.ಒ., ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ದಾಟಿಸುವ ತಿರುಗುದಂಡದಿಂದ ಪಂಪನ್ನು ನಡೆಸಿ, ಉದ್ದನೆಯ ಪೈಪಿನಿಂದ ಸಣ್ಣ ಹನಿಗಳಾಗಿ ಚಿಮುಕಿಸುವುದೇ ಸರಿಯಾದ ಕ್ರಮ. ನೇರ ಧಾರೆ ಬಿದ್ದಲ್ಲಿ ಗೆಣ್ಣಿನ ಬುಡದ ಮಣ್ಣು ಕೊಚ್ಚಿಹೋಗಿ, ನೂಲಿನಷ್ಟು ತೆಳುವಾದ ಬಿಳಿ ಬೇರುಗಳು ಬಿಸಿಲಿಗೆ ಬಿದ್ದು ಒಣಗುತ್ತವೆ. ಬೇರೂರುವವರೆಗೆ ದಿನವೂ ತೆಳುವಾಗಿ, ಬೇರೂರಿದ ಮೇಲೆ ಅಪರೂಪಕ್ಕೆ ಆದರೆ ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು. ನೀರಿನ ಮೂಲವೂ ವಿವೇಚನೆ ಬೇಡುವ ವಿಷಯ: 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ತೋಟಗಾರಿಕೆಗೆ ಕುಡಿಯುವ ನೀರನ್ನು ಬಳಸುವುದನ್ನೇ ನಿಷೇಧಿಸಿತ್ತು, ಕೊಡ ಹಿಡಿದು ಜನ ಸಾಲುಗಟ್ಟಿ ನಿಲ್ಲುವ ಊರಿನಲ್ಲಿ ಹುಲ್ಲಿಗೆ ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಟ್ಯಾಂಕರಿಗೆ ತುಂಬಿಸುವುದೇ ನ್ಯಾಯ.