ಕರಿಯ ಕಪ್ಪು ನಾಯಿಯೇ ಅಲ್ಲ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ, ರಾತ್ರಿ ಪಾಳಿ ಮುಗಿಸಿ ಕೇಳ್ತಿರೋರಿಗೆ, ಎಲ್ಲರಿಗೂ ಇವತ್ತು ಒಂದು ನಾಯಿ ಕತೆ ಹೇಳ್ತೀನಿ.

ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಓಡಾಡಿದವರಿಗೆ ಮಾಚೇನಹಳ್ಳಿ ಗೊತ್ತಿರುತ್ತೆ. ಹಾಲಿನ ಡೇರಿ, ಕೆಎಸ್‌ಆರ್‌ಪಿ ಬೆಟಾಲಿಯನ್, ಕೈಗಾರಿಕಾ ಪ್ರದೇಶ ಎಲ್ಲಾ ಅಲ್ಲೇ ಇರೋದು. ನಾನು ಕೆಲಸ ಮಾಡೋದೂ ಅಲ್ಲೇ. ನಮ್ಮ ಗೇಟಿನ ಎದುರು ಒಬ್ಬರು ಅಜ್ಜನ ಟೀ ಅಂಗಡಿ ಇದೆ. ಮಳೆಗಾಲ ಶುರುವಾದ ಹೊತ್ತಲ್ಲಿ ಆ ಅಂಗಡಿ ಬೆಂಚಿನ ಕೆಳಗೆ ಒಂದು ನಾಯಿ ಬಂದು ಮಲಗಿತು. ಮೈಯೆಲ್ಲ ಕಪ್ಪು, ಮುಟ್ಟಿದರೆ ಕೈಗೆ ಜಿಡ್ಡು. ಕೂದಲಿಲ್ಲ, ಪಕ್ಕೆಲುಬು ಎಣಿಸಬಹುದು. ಹುಡುಗರು ಕರಿಯ ಅಂತ ಕರೆದರು.

‘ಎಂತ ಅಜ್ಜ, ಇದರ ಮೈ ಹಿಂಗ್ಯಾಕಿದೆ?’ ಅಂತ ಕೇಳಿದೆ. ‘ಕಜ್ಜಿ ಆಗಿತ್ತು ಮಾರಾಯ. ಪಾಪ, ಕೆರ್ಕೊಂಡು ಕೆರ್ಕೊಂಡು ರಕ್ತ ಬರ್ತಿತ್ತು. ಗ್ಯಾರೇಜಿಂದ ಹಳೇ ಎಂಜಿನ್ ಆಯಿಲ್ ತಂದು ಹಚ್ಚಿದೀನಿ’ ಅಂದರು.

ಅಜ್ಜ ಕೆಟ್ಟವರಲ್ಲ. ಆ ನಾಯಿ ಬಗ್ಗೆ ಅಷ್ಟಾದರೂ ಯೋಚಿಸಿದ್ದು ಅವರೊಬ್ಬರೇ. ನಮ್ಮ ಕಡೆ ಬಹಳ ಜನ ಇದನ್ನ ಮದ್ದು ಅಂತಲೇ ನಂಬಿದ್ದಾರೆ. ಆದರೆ ಬಳಸಿದ ಎಂಜಿನ್ ಆಯಿಲ್‌ನಲ್ಲಿ ಲೋಹದ ಅಂಶ, ಸುಟ್ಟ ರಾಸಾಯನಿಕ ಎಲ್ಲ ಇರುತ್ತೆ. ಅದು ಚರ್ಮವನ್ನ ಸುಡುತ್ತೆ, ನಾಯಿ ಮೈ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತೆ. ಸೀಮೆಎಣ್ಣೆ, ಫಿನಾಯಿಲ್ ಕೂಡ ಹಂಗೇ. ದಯವಿಟ್ಟು ಹಚ್ಚಬೇಡಿ.

ಮೊದಲ ದಿನವೇ ನಾನು ಎರಡು ತಪ್ಪು ಮಾಡಿದೆ. ಹಸಿದಿದೆ ಅಂತ ಒಂದು ಬೇಸಿನ್ ತುಂಬ ಹಾಲು, ಅನ್ನ ಇಟ್ಟೆ. ಗಬಗಬ ತಿಂತು, ಅರ್ಧ ಗಂಟೆಯಲ್ಲಿ ಎಲ್ಲ ವಾಂತಿ. ಬಹಳ ದಿನ ಉಪವಾಸ ಇದ್ದ ಹೊಟ್ಟೆಗೆ ಒಮ್ಮೆಲೇ ಸುರಿಯಬಾರದು. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ ಸಾಕು. ಈರುಳ್ಳಿ ಬೇಡ. ದೊಡ್ಡ ನಾಯಿಗಳಲ್ಲಿ ಹಲವಕ್ಕೆ ಹಾಲು ಅರಗಲ್ಲ.

ಎರಡನೇ ತಪ್ಪು, ಬಾಯಿ ಕಟ್ಟದೆ ಸ್ನಾನ ಮಾಡಿಸೋಕೆ ಹೋದದ್ದು. ಹುಣ್ಣಿನ ಮೇಲೆ ಕೈ ಬಿತ್ತು, ನೋವಿಗೆ ಕಚ್ಚೇ ಬಿಡ್ತು. ಸಣ್ಣ ಗಾಯ, ಆದರೂ ರಕ್ತ ಬಂತು. ಇಲ್ಲಿ ಮಾತ್ರ ಎಲ್ಲರೂ ಗಮನ ಇಟ್ಟು ಕೇಳಿ. ಸೋಪು ಹಚ್ಚಿ, ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೀಬೇಕು. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮಕ್ಕೆ ಕೊಡೋ ಲಸಿಕೆಗೆ ನಾಲ್ಕು ಸಲ ಹೋಗಬೇಕು: ಮೊದಲ ದಿನ, ಆಮೇಲೆ ಅಲ್ಲಿಂದ 3, 7 ಮತ್ತು 28ನೇ ದಿನ. ರಕ್ತ ಬಂದಿದ್ರೆ ಗಾಯಕ್ಕೆ ಇಮ್ಯುನೋಗ್ಲೋಬುಲಿನ್ ಕೂಡ ಬೇಕು. ರೇಬಿಸ್ ಲಕ್ಷಣ ಶುರುವಾದ ಮೇಲೆ ಬದುಕೋದು ಇಲ್ಲ ಅನ್ನುವಷ್ಟು ಕಡಿಮೆ. ನಾನು ನಾಲ್ಕೂ ಸಲ ಹೋದೆ.

ಕರಿಯನನ್ನ ಆಟೋದಲ್ಲಿ ಹಾಕ್ಕೊಂಡು ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ ಹೋದ್ವಿ. ಡಾಕ್ಟರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚರ್ಮದೊಳಗೆ ಬಿಲ ಕೊರೆದು ಬದುಕೋ ಸಣ್ಣ ಹುಳ, ಅದರಿಂದ ಬಂದ ಕಜ್ಜಿ. ಮನುಷ್ಯರಿಗೂ ಸ್ವಲ್ಪ ದಿನ ತುರಿಕೆ ತರುತ್ತೆ, ನನಗೂ ಬಂತು. ಔಷಧಿ ಕೊಡೋಕೆ ಮುಂಚೆ ತೂಕ ನೋಡಿದರು. ಒಂಬತ್ತು ಕೆ.ಜಿ. ಹಸು, ಕುರಿಗೆ ಕೊಡೋ ಇಂಜೆಕ್ಷನ್ನನ್ನ ಅಂದಾಜಿನ ಮೇಲೆ ನಾಯಿಗೆ ಚುಚ್ಚಿಸಬೇಡಿ ಅಂತಲೂ ಹೇಳಿದರು. ಪ್ರಮಾಣ ತಪ್ಪಿದರೆ ಪ್ರಾಣ ಹೋಗಬಹುದು, ಕೆಲವು ತಳಿಗೆ ಇನ್ನೂ ಅಪಾಯ.

ಆಮೇಲಿನ ನಲವತ್ತು ದಿನದಲ್ಲಿ ವಿಡಿಯೋ ಮಾಡಿ ಹಾಕುವಂಥದ್ದು ಏನೂ ಇರಲಿಲ್ಲ. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಆಯಿಲ್ ತೆಗೆಯೋದು. ವಾರಕ್ಕೊಮ್ಮೆ ಆಸ್ಪತ್ರೆ. ಅಂಗಡಿ ಹಿಂದೆ ಶೀಟಿನ ಕೆಳಗೆ ಗೋಣಿಚೀಲದ ಹಾಸಿಗೆ. ಆ ಚೀಲದಲ್ಲೂ ಹುಳ ಇರುತ್ತೆ ಅಂತ ಎರಡು ದಿನಕ್ಕೊಮ್ಮೆ ಬಿಸಿನೀರಲ್ಲಿ ನೆನೆಸಿ ಒಗೆಯಬೇಕು. ಆ ಕೆಲಸ ಹೇಳದೇ ಮಾಡಿದ್ದು ಅಜ್ಜ. ಆಯಿಲ್ ಹಚ್ಚಿದ್ದಕ್ಕೆ ನಾನು ಬೈದಿರಲಿಲ್ಲ, ಅವರೂ ಆ ಮಾತು ತೆಗೆಯಲಿಲ್ಲ.

ನಾಲ್ಕನೇ ವಾರ ಹೊಸ ಕೂದಲು ಬಂತು. ನೋಡಿದರೆ ಕಂದು ಬಣ್ಣ! ಕರಿಯ ಕಪ್ಪು ನಾಯಿಯೇ ಅಲ್ಲ. ಹೆಸರು ಮಾತ್ರ ಹಂಗೇ ಉಳೀತು.

ಮೈ ಸುಧಾರಿಸಿದ ಮೇಲೆ ರೇಬಿಸ್ ಲಸಿಕೆ ಹಾಕಿಸಿದ್ವಿ, ಸಂತಾನಹರಣ ಶಸ್ತ್ರಚಿಕಿತ್ಸೆ ಆಯ್ತು. ಮುಂದೆ ಎಲ್ಲಿಗೆ? ಸಾಕ್ತೀವಿ ಅಂತ ಯಾರೂ ಬರಲಿಲ್ಲ. ನನ್ನ ಬಾಡಿಗೆ ರೂಮಲ್ಲಿ ನಾಯಿಗೆ ಜಾಗ ಇಲ್ಲ. ಕರಿಯ ಮತ್ತೆ ಅಂಗಡಿ ಹತ್ತಿರವೇ ಬಂದ. ನಿಯಮವೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಚಿಕಿತ್ಸೆ, ಲಸಿಕೆ ಆದ ಬೀದಿನಾಯಿಯನ್ನ ಹಿಡಿದ ಜಾಗಕ್ಕೇ ಬಿಡಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿತು, ರೇಬಿಸ್ ಇರೋ, ಆಕ್ರಮಣ ಮಾಡೋ ನಾಯಿಗಳನ್ನ ಬಿಟ್ಟು. ಅದೇ ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ಹಿಡಿದ ನಾಯಿಗಳನ್ನ ಮತ್ತೆ ಅಲ್ಲಿಗೇ ಬಿಡಬಾರದು ಅಂತ ಆದೇಶ ಬಂತು.

ವಾಪಸ್ ಬಂದ ದಿನವೇ ಜಗಳ ಆಯ್ತು. ನಮ್ಮ ಜೊತೆ ಕೆಲಸ ಮಾಡೋ ಒಬ್ಬ ಅಣ್ಣ, ‘ಇದನ್ನ ಇಲ್ಲಿಂದ ಒಯ್ದುಬಿಡಿ, ಇಲ್ಲಾಂದ್ರೆ ನಾನೇ ಏನಾದ್ರೂ ಮಾಡ್ತೀನಿ’ ಅಂದರು. ನನಗೂ ಸಿಟ್ಟು ಬಂತು. ಆಮೇಲೆ ಗೊತ್ತಾಯ್ತು, ಅವರ ಮಗಳಿಗೆ ಹಿಂದಿನ ವರ್ಷ ನಾಯಿ ಕಚ್ಚಿತ್ತು. ಆರು ವರ್ಷದ ಮಗು.

ಆ ಮಾತು ಕೇಳಿದಾಗ ನನಗೆ ನೆನಪಾಗಿದ್ದು ಕಂಬದಾಳು ಹೊಸೂರು. ನಮ್ಮ ಭದ್ರಾವತಿ ತಾಲ್ಲೂಕಿನದೇ ಊರು. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನ ಕೊಂದು ಹೂತ ಸುದ್ದಿ ದೇಶಕ್ಕೆಲ್ಲ ಗೊತ್ತಾಯ್ತು. ಕೇಸ್ ಆಯ್ತು, ಬಂಧನವೂ ಆಯ್ತು. ಜನರ ಭಯವನ್ನ ಯಾರೂ ಕಿವಿಗೆ ಹಾಕ್ಕೊಳ್ಳದೇ ಇದ್ದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಯೋಚನೆ ಬಂತು.

ಹಾಗಾಗಿ ವಾದ ಮಾಡಲಿಲ್ಲ. ಟೀ ಕುಡೀತಾ ಕೂತು ಅವರ ಮಾತು ಪೂರ್ತಿ ಕೇಳಿದ್ವಿ. ಬಸ್‌ಸ್ಟಾಪ್ ಹತ್ತಿರ ಅನ್ನ ಹಾಕೋದು ನಿಲ್ಲಿಸಿದ್ವಿ. ಅಂಗಡಿ ಹಿಂದೆ ಒಂದೇ ಜಾಗ, ಒಂದೇ ಹೊತ್ತು, ತಿಂದ ಮೇಲೆ ಕ್ಲೀನ್ ಮಾಡೋದು. 2023ರ ನಿಯಮದಲ್ಲೂ ಇದೇ ಇದೆ: ಮಕ್ಕಳು ಆಡೋ ಜಾಗ, ಜನ ಓಡಾಡೋ ಬಾಗಿಲಿಂದ ದೂರ ಊಟ ಹಾಕಿ ಅಂತ. ಕರಿಯನ ಲಸಿಕೆ ಕಾರ್ಡಿನ ಜೆರಾಕ್ಸ್ ಮಾಡಿಸಿ ಅಜ್ಜ ಗೋಡೆಗೆ ಅಂಟಿಸಿದರು, ಟೀ ರೇಟಿನ ಬೋರ್ಡ್ ಪಕ್ಕ.

ಆ ಅಣ್ಣ ಈಗಲೂ ಕರಿಯನನ್ನ ಮುಟ್ಟಲ್ಲ. ಮುಟ್ಟಬೇಕಾಗೂ ಇಲ್ಲ. ಆದರೆ ಹೋದ ವಾರ ಟೀ ಕುಡೀತಾ ಗೋಡೆ ನೋಡಿ, ‘ಮುಂದಿನ ಇಂಜೆಕ್ಷನ್ ಯಾವಾಗ? ತಪ್ಪಿಸಬೇಡಿ ಮತ್ತೆ’ ಅಂದರು.

ಕರಿಯ ಈಗ ಹದಿನಾಲ್ಕು ಕೆ.ಜಿ. ನಾಯಿ ಎತ್ತಿಕೊಂಡು ಬರೋದಕ್ಕೆ ನನಗೆ ಅರ್ಧ ಗಂಟೆ ಸಾಕಾಯ್ತು. ಅದು ಮತ್ತೆ ಬದುಕಬೇಕಾದ ಬೀದಿಯನ್ನ ಒಪ್ಪಿಸೋದು ಇನ್ನೂ ನಡೀತಿದೆ. ನಿಮ್ಮ ಬೀದೀಲೂ ಒಬ್ಬ ಕರಿಯ ಇದ್ದರೆ ಮೊದಲು ಒಬ್ಬ ಪಶುವೈದ್ಯರನ್ನ ಕೇಳಿ. ಆಮೇಲೆ ಆ ನಾಯಿಗೆ ಹೆದರೋ ಪಕ್ಕದ ಮನೆಯವರ ಹತ್ತಿರವೂ ಒಂದು ಸಲ ಕೂತು ಮಾತಾಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.