ಮೀನಿನ ಉಸಿರು ಎಣಿಸುವ ಊರು



ನಿಮ್ಮ ಊರಿನ ರಸ್ತೆ ಪ್ರತಿ ವರ್ಷ ಮೂರು ಅಂತಸ್ತಿನ ಕಟ್ಟಡದಷ್ಟು ಮೇಲೇರಿ, ಆರು ತಿಂಗಳ ನಂತರ ಮತ್ತೆ ಕೆಳಗಿಳಿಯುತ್ತದೆ ಎಂದು ಊಹಿಸಿಕೊಳ್ಳಿ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದಲ್ಲಿ ಅಂಥ ಊರುಗಳಿವೆ. ಅಮೆಜೋನಾಸ್ ರಾಜ್ಯದಲ್ಲಿ ಸೊಲಿಮೋಯಿಸ್ ಮತ್ತು ಜಪುರಾ ಎಂಬ ಎರಡು ನದಿಗಳು ಕೂಡುವ ಜಾಗದಲ್ಲಿ ಮಮಿರವಾ ಎಂಬ ಸಂರಕ್ಷಿತ ಪ್ರದೇಶವಿದೆ. ಅಮೆಜಾನ್ ನದಿಯನ್ನೇ ಆ ಭಾಗದ ಜನ ಸೊಲಿಮೋಯಿಸ್ ಎಂದು ಕರೆಯುತ್ತಾರೆ. ಅಲ್ಲಿ ರಸ್ತೆ ಎಂದರೆ ನದಿಯೇ. ಬೇಸಿಗೆ ಮತ್ತು ಮಳೆಗಾಲದ ನಡುವೆ ನೀರಿನ ಮಟ್ಟದಲ್ಲಿ ಹತ್ತರಿಂದ ಹನ್ನೆರಡು ಮೀಟರ್ ವ್ಯತ್ಯಾಸವಾಗುತ್ತದೆ. ಮೇ-ಜೂನ್ ತಿಂಗಳಲ್ಲಿ ಕಾಡೆಲ್ಲ ನೀರೊಳಗೆ ನಿಂತಿರುತ್ತದೆ, ಮೀನುಗಳು ಮರದ ಕೊಂಬೆಗಳ ನಡುವೆ ಈಜಿ ಉದುರಿದ ಹಣ್ಣು ತಿನ್ನುತ್ತವೆ.

ನಾನು ಅಲ್ಲಿಗೆ ಹೋದವನಲ್ಲ. ವಿಜ್ಞಾನದ ಕಾರ್ಯಕ್ರಮಗಳನ್ನು ತಯಾರಿಸುವ ಕೆಲಸದಲ್ಲಿ ಓದಿ, ಚಿತ್ರಗಳನ್ನು ನೋಡಿ ತಿಳಿದವನು. ಆದರೆ ಆ ಊರುಗಳ ವಿಚಾರ ಒಮ್ಮೆ ತಲೆಗೆ ಹೊಕ್ಕ ಮೇಲೆ ಬಿಟ್ಟುಹೋಗಿಲ್ಲ. ಏಕೆಂದು ಹೇಳುತ್ತೇನೆ.

ಅಲ್ಲಿಯ ಜನರನ್ನು ಪೋರ್ಚುಗೀಸ್ ಭಾಷೆಯಲ್ಲಿ ರಿಬೆರಿನ್ಯೊ, ಅಂದರೆ ನದೀತೀರದವರು ಎನ್ನುತ್ತಾರೆ. ಮೂಲನಿವಾಸಿಗಳ ವಂಶದವರೂ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಬ್ಬರ್ ಸಂಗ್ರಹಿಸಲು ಈಶಾನ್ಯ ಬ್ರೆಜಿಲ್‌ನಿಂದ ಬಂದವರ ವಂಶದವರೂ ಬೆರೆತ ಸಮುದಾಯ ಅದು. ಎತ್ತರದ ಕಂಬಗಳ ಮೇಲೆ ಮರದ ಮನೆ. ಕೆಲವರದು ದಿಮ್ಮಿಗಳ ಮೇಲೆ ಕಟ್ಟಿದ ತೇಲುವ ಮನೆ. ನೀರು ಏರಿದಾಗ ಕೋಳಿ, ದನಗಳೂ ತೆಪ್ಪದ ಮೇಲಿನ ಕೊಟ್ಟಿಗೆ ಸೇರುತ್ತವೆ. ಹಳೆಯ ದೋಣಿಯಲ್ಲಿ ಮಣ್ಣು ತುಂಬಿ ಅಟ್ಟಣೆಯ ಮೇಲಿಟ್ಟು ಈರುಳ್ಳಿ ಸೊಪ್ಪು ಬೆಳೆಯುತ್ತಾರೆ! ಮುಖ್ಯ ಆಹಾರ ಮೀನು ಮತ್ತು ಮರಗೆಣಸು. ಆಂಡಿಸ್ ಪರ್ವತಗಳಿಂದ ಬರುವ ಹೂಳು ನೆಲವನ್ನು ಫಲವತ್ತಾಗಿಸುತ್ತದೆ ನಿಜ, ಆದರೆ ಮರಗೆಣಸನ್ನು ಮುಂದಿನ ನೆರೆಗೆ ಮೊದಲೇ ಕಿತ್ತುಬಿಡಬೇಕು. ತಡವಾದರೆ ಕೊಳೆತು ಹೋಗುತ್ತದೆ.

ಈ ಜನರ ಬದುಕಿಗೆ ಆಧಾರವಾದ ಒಂದು ಮೀನಿದೆ, ಹೆಸರು ಪಿರರುಕು. ಟುಪಿ ಭಾಷೆಯಲ್ಲಿ 'ಪಿರ' ಎಂದರೆ ಮೀನು, 'ಉರುಕು' ಎಂದರೆ ಕೆಂಪು ಬಣ್ಣ ಕೊಡುವ ಒಂದು ಬೀಜ. ಮೂರು ಮೀಟರ್‌ವರೆಗೆ ಉದ್ದ, 200 ಕಿಲೋಗ್ರಾಂವರೆಗೆ ತೂಕ ಬೆಳೆಯಬಲ್ಲ ಇದು ಸಿಹಿನೀರಿನ ಅತಿ ದೊಡ್ಡ ಮೀನುಗಳಲ್ಲೊಂದು. ಎಲೆ ಕೊಳೆಯುವ ಬೆಚ್ಚನೆಯ ಕೆರೆಗಳಲ್ಲಿ ಕರಗಿದ ಆಮ್ಲಜನಕ ಬಹಳ ಕಡಿಮೆ. ಆದ್ದರಿಂದ ಈ ಮೀನಿನ ಗಾಳಿಚೀಲ ಶ್ವಾಸಕೋಶದಂತೆ ಮಾರ್ಪಟ್ಟಿದೆ. ಪ್ರತಿ ಕೆಲವು ನಿಮಿಷಗಳಿಗೊಮ್ಮೆ, ಹೆಚ್ಚೆಂದರೆ ಇಪ್ಪತ್ತು ನಿಮಿಷಕ್ಕೆ, ಅದು ಮೇಲೆ ಬಂದು ಗಾಳಿ ನುಂಗಲೇಬೇಕು. ಆ ಕ್ಷಣಕ್ಕಾಗಿ ಬೆಸ್ತ ಈಟಿ ಹಿಡಿದು ಕಾಯುತ್ತಾನೆ. ಹೀಗೆ ಬೇಟೆಯಾಡಿ ಆಡಿ ಮೀನು ಅಳಿವಿನ ಅಂಚಿಗೆ ಬಂತು. 1996ರಲ್ಲಿ ಅಮೆಜೋನಾಸ್ ರಾಜ್ಯದಲ್ಲಿ ಅದನ್ನು ಹಿಡಿಯುವುದನ್ನೇ ನಿಷೇಧಿಸಿದರು.

ನಿಷೇಧದಿಂದ ಕಳ್ಳಬೇಟೆ ನಿಲ್ಲುತ್ತದೆಯೇ? ನಿಲ್ಲಲಿಲ್ಲ. ಮಮಿರವಾದಲ್ಲಿ ಬೇರೆ ದಾರಿ ಹುಡುಕಿದರು. ಬಿಳಿ ಮೈ, ಕೆಂಪು ಮುಖದ ಉಕಾರಿ ಕೋತಿಯನ್ನು ಅಧ್ಯಯನ ಮಾಡಲು ಬಂದ ಜೋಸೆ ಮಾರ್ಸಿಯೊ ಆಯ್ರೆಸ್ ಎಂಬ ವಿಜ್ಞಾನಿ, ಕಾಡನ್ನು ಉಳಿಸಲು ಜನರನ್ನು ಹೊರಗಟ್ಟಬೇಕಿಲ್ಲ ಎಂದು ವಾದಿಸಿದರು. 1996ರಲ್ಲಿ ಅದು, ಜನ ಒಳಗೇ ಇದ್ದು ಬದುಕುವ ಸುಸ್ಥಿರ ಅಭಿವೃದ್ಧಿ ಮೀಸಲು ಪ್ರದೇಶವೆಂದು ಘೋಷಿತವಾಯಿತು. ವಿಸ್ತಾರ 11 ಲಕ್ಷ ಹೆಕ್ಟೇರಿಗೂ ಹೆಚ್ಚು. ಆಯ್ರೆಸ್ 2003ರಲ್ಲಿ ತೀರಿಕೊಂಡರು.

ಕೆರೆಯಲ್ಲಿ ಎಷ್ಟು ಮೀನಿದೆ ಎಂದು ತಿಳಿಯದೆ ಎಷ್ಟು ಹಿಡಿಯಬಹುದೆಂದು ಹೇಳುವುದು ಹೇಗೆ? ಗುರುತು ಹಾಕಿ ಬಿಟ್ಟು ಮತ್ತೆ ಹಿಡಿಯುವ ವಿಧಾನವನ್ನು ನೀವು ಜೀವಶಾಸ್ತ್ರದಲ್ಲಿ ಓದಿರಬಹುದು. ಅದಕ್ಕೆ ಕಾಲ, ಹಣ ಎರಡೂ ಬೇಕು. ಬೆಸ್ತರು ಹೇಳಿದರು: ನಾವೇ ಎಣಿಸುತ್ತೇವೆ. ನೀರು ಇಳಿದು ಮೀನುಗಳು ಕೆರೆಗಳಲ್ಲಿ ಉಳಿದಾಗ ಒಬ್ಬೊಬ್ಬರು ಒಂದೊಂದು ಭಾಗ ಹಂಚಿಕೊಂಡು, ದೋಣಿಯಲ್ಲಿ ಅಲುಗಾಡದೆ ಕುಳಿತು, ಇಪ್ಪತ್ತು ನಿಮಿಷ ನೋಡುತ್ತಾರೆ, ಕೇಳುತ್ತಾರೆ. ಮೇಲೆ ಬಂದ ಮೀನು ಮರಿಯೋ ದೊಡ್ಡದೋ, ಆಗಲೇ ಬಂದು ಹೋದದ್ದೋ ಹೊಸದೋ ಎಂಬುದನ್ನು ಸದ್ದಿನಿಂದ, ನೀರು ಕಲಕುವ ರೀತಿಯಿಂದ ಗುರುತಿಸುತ್ತಾರೆ. ಶಬ್ದಗ್ರಹಣದಲ್ಲಿ ಕಿವಿ ಪಳಗಿಸಿಕೊಂಡಿದ್ದೇನೆ ಎಂಬ ಹಮ್ಮು ನನಗೂ ಇತ್ತು. ಇದನ್ನು ಓದಿದ ದಿನ ಅದು ಇಳಿಯಿತು.

ಲಿಯಾಂಡ್ರೊ ಕಸ್ತೆಲೊ ಎಂಬ ಸಂಶೋಧಕರು ಈ ಎಣಿಕೆಯನ್ನು ವೈಜ್ಞಾನಿಕ ವಿಧಾನದ ಲೆಕ್ಕದೊಂದಿಗೆ ತಾಳೆ ನೋಡಿ 2004ರಲ್ಲಿ ಪ್ರಕಟಿಸಿದರು. ಅನುಭವಿ ಬೆಸ್ತರ ಲೆಕ್ಕ ಸರಿಯಾಗಿತ್ತು. 1999ರಿಂದಲೇ ಈ ಎಣಿಕೆಯ ಆಧಾರದ ಮೇಲೆ ಹಿಡಿಯಲು ಅನುಮತಿ ಕೊಡಲಾಗುತ್ತಿತ್ತು: ದೊಡ್ಡ ಮೀನುಗಳಲ್ಲಿ ಶೇಕಡಾ 30ಕ್ಕೆ ಮೀರಬಾರದು, ಒಂದೂವರೆ ಮೀಟರಿಗಿಂತ ಚಿಕ್ಕದನ್ನು ಮುಟ್ಟಬಾರದು, ಮರಿ ಮಾಡುವ ಕಾಲದಲ್ಲಿ ಬಲೆ ಹಾಕಬಾರದು. ಮೊದಲು ಆರಂಭಿಸಿದ ಕೆರೆಗಳಲ್ಲಿ ಏಳೆಂಟು ವರ್ಷಗಳಲ್ಲಿ ಮೀನಿನ ಸಂಖ್ಯೆ ಸುಮಾರು ಒಂಬತ್ತು ಪಟ್ಟಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಒಳ್ಳೆಯ ಕಥೆ. ಆದರೆ ಕೆರೆಗಳನ್ನು ಹಗಲೂ ರಾತ್ರಿ ಕಾಯಬೇಕು. ಕಾವಲಿನ ಕೂಲಿ ಮೀನಿನ ಬೆಲೆಯಲ್ಲಿ ಸೇರುವುದಿಲ್ಲ. ಕಳ್ಳಬೇಟೆಯವರ ಕೈಯಲ್ಲಿ ಬಂದೂಕಿರುತ್ತದೆ. ಅದೇ ರಾಜ್ಯದ ಜವಾರಿ ಕಣಿವೆಯಲ್ಲಿ, ಅಕ್ರಮ ಮೀನುಗಾರಿಕೆಯನ್ನು ಎದುರಿಸುತ್ತಿದ್ದ ಬ್ರೂನೊ ಪೆರೇರಾ ಮತ್ತು ಪತ್ರಕರ್ತ ಡಾಮ್ ಫಿಲಿಪ್ಸ್ 2022ರ ಜೂನ್‌ನಲ್ಲಿ ಕೊಲೆಯಾದರು. ಇನ್ನು ಹಿಡಿದ ಮೀನು ಪಟ್ಟಣ ಸೇರುವವರೆಗೆ ಕೆಡದಿರಲು ಮಂಜುಗಡ್ಡೆ ಬೇಕು. ಮಂಜುಗಡ್ಡೆಗೆ ವಿದ್ಯುತ್ ಬೇಕು. ಅದಿಲ್ಲದ ಊರಿನವರು ದಲ್ಲಾಳಿ ಹೇಳಿದ ಬೆಲೆಗೇ ಕೊಡುತ್ತಾರೆ. ನನ್ನನ್ನು ಕೇಳಿದರೆ, ಆ ಊರುಗಳಿಗೆ ಭಾಷಣಕ್ಕಿಂತ ಒಂದು ಸೌರಶಕ್ತಿಯ ಐಸ್ ಯಂತ್ರ ಹೆಚ್ಚು ಉಪಕಾರಿ.

ಈಗ ನಿಮ್ಮ ವಯಸ್ಸಿನವರ ವಿಷಯ. ಪ್ರೌಢಶಾಲೆ ಮುಗಿಸಬೇಕೆಂದರೆ ಹಿಂದೆ ಊರು ಬಿಟ್ಟು ಟೆಫೆ ಪಟ್ಟಣಕ್ಕೋ ರಾಜಧಾನಿ ಮನೌಸ್‌ಗೋ ಹೋಗಬೇಕಿತ್ತು. ಹೋದವರು ಹಿಂದಿರುಗುವುದು ಅಪರೂಪ. ಹಾಗಾದರೆ ಮುಂದೆ ಕೆರೆಗಳಲ್ಲಿ ಎಣಿಸುವವರು ಯಾರು? 2007ರಲ್ಲಿ ರಾಜ್ಯ ಸರ್ಕಾರ ಮನೌಸ್‌ನ ಸ್ಟುಡಿಯೋಗಳಿಂದ ದೂರದ ಹಳ್ಳಿಗಳಿಗೆ ಉಪಗ್ರಹದ ಮೂಲಕ ನೇರಪ್ರಸಾರದ ಪಾಠ ಆರಂಭಿಸಿತು. ಟಿವಿ ಕೆಲಸದವನಾದ ನನಗೆ ಇದರಲ್ಲಿ ವಿಶೇಷ ಆಸಕ್ತಿ. ನಮ್ಮಲ್ಲಿಯೂ 1975-76ರಲ್ಲಿ, ನಾನು ಹುಟ್ಟುವ ಮೊದಲು, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿ ಸುಮಾರು 2400 ಹಳ್ಳಿಗಳಿಗೆ ಉಪಗ್ರಹ ದೂರದರ್ಶನದ ಪ್ರಯೋಗ ನಡೆದಿತ್ತು. ಅದು ಒಂದು ವರ್ಷದ ಪ್ರಯೋಗ, ನೋಡುವವರು ತಿರುಗಿ ಪ್ರಶ್ನೆ ಕೇಳುವಂತಿರಲಿಲ್ಲ. ಅಮೆಜೋನಾಸ್‌ನಲ್ಲಿ ವಿದ್ಯಾರ್ಥಿ ಕೈ ಎತ್ತಿ ಕೇಳಬಹುದು, ಸ್ಟುಡಿಯೋದಲ್ಲಿರುವ ಅಧ್ಯಾಪಕರು ಉತ್ತರಿಸುತ್ತಾರೆ. ತರಗತಿಯಲ್ಲಿಯೂ ಒಬ್ಬ ಅಧ್ಯಾಪಕರು ಇರುತ್ತಾರೆ. ಪಾಠ ಹೆಚ್ಚಾಗಿ ರಾತ್ರಿ ಹೊತ್ತು. ಹಗಲು ಆ ಕೊಠಡಿ ಚಿಕ್ಕ ಮಕ್ಕಳಿಗೆ ಬೇಕಲ್ಲ!

ಊರಲ್ಲೇ ಉಳಿದು ಓದುವ ದಾರಿ ಹೀಗೆ ತೆರೆಯಿತು. ಆಮೇಲೆ ನದಿಯೇ ಕೈಕೊಟ್ಟಿತು. ನೆರೆಯನ್ನು ಆ ಜನ ಬಲ್ಲರು. 2021ರಲ್ಲಿ ಮನೌಸ್ ಬಂದರಿನಲ್ಲಿ ನೀರು 30 ಮೀಟರ್ ದಾಟಿ ದಾಖಲೆಯಾಗಿತ್ತು. 2023ರ ಅಕ್ಟೋಬರ್‌ನಲ್ಲಿ ಅಲ್ಲಿಯೇ ನೀರು 12.70 ಮೀಟರಿಗೆ ಕುಸಿಯಿತು, 1902ರಿಂದ ಇಟ್ಟ ಲೆಕ್ಕದಲ್ಲಿ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. ಮರುವರ್ಷ ಅದಕ್ಕಿಂತಲೂ ಕೆಳಗಿಳಿಯಿತು. 2023ರ ಬರದಲ್ಲಿ ಟೆಫೆ ಸರೋವರದ ನೀರಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಕೆಲವೇ ವಾರಗಳಲ್ಲಿ 200ಕ್ಕೂ ಹೆಚ್ಚು ಡಾಲ್ಫಿನ್‌ಗಳು ಸತ್ತವು. ಪಿರರುಕು ಹಿಡಿಯುವ ಕಾಲವೂ ಅದೇ. ಕೆರೆಯಲ್ಲಿ ಮೀನಿತ್ತು, ದೋಣಿ ಸಾಗಲು ನೀರಿರಲಿಲ್ಲ.

2024ರ ಬರದಲ್ಲಿ ಬ್ರೆಜಿಲ್‌ನ ಅಮೆಜಾನ್ ಪ್ರದೇಶದಲ್ಲಿ 1700ಕ್ಕೂ ಹೆಚ್ಚು ಶಾಲೆಗಳು ಮುಚ್ಚಿದವು ಅಥವಾ ತಲುಪಲಾಗದಂತಾದವು ಎಂದು ಯುನಿಸೆಫ್ ತಿಳಿಸಿತು. ಪಾಠ ಆಕಾಶದಿಂದ ಇಳಿದು ಬರುತ್ತದೆ, ನಿಜ. ಆದರೆ ಅದನ್ನು ಕೇಳುವ ಹುಡುಗಿ ಶಾಲೆಗೆ ಬರಬೇಕಾದದ್ದು ದೋಣಿಯಲ್ಲಿ.